ಮಿಶ್ರಿ, ಮೈಲಿಗೆ ಮತ್ತು ಮಹಾಂತ ಜೋಳಿಗೆ

ಬಸುರಿಯ ಬಾಯಲ್ಲಿ ತಂಬಾಕು ಕಂಡರೆ ಅದನ್ನು ಪಾಪ ಎನ್ನಬೇಕೋ, ರೋಗ ಎನ್ನಬೇಕೋ? ಈ ಪ್ರಶ್ನೆ ಮಠ, ಮಸೀದಿಗಿಂತ ಮೊದಲು ಎದುರಾಗುವುದು ಆಳಂದ, ಅಫಜಲಪುರ, ಜೇವರ್ಗಿಯ ಆಸ್ಪತ್ರೆಗಳಲ್ಲಿ ತಾಯಿ ಕಾರ್ಡ್ ತುಂಬುವ ನರ್ಸಮ್ಮನಿಗೆ. ಆಕೆ ಯಾವ ಉತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡಿಸುತ್ತಾಳೋ ನೋಡಿಕೊಂಡೇ ಎದುರಿಗೆ ಕೂತವಳು ನಿಜ ಹೇಳುವುದು, ಇಲ್ಲವೇ ನುಂಗಿಕೊಳ್ಳುವುದು.

‘ಬೀಡಿ ಸೇದ್ತೀಯೇನವ್ವಾ?’ ಎಂದು ಕೇಳಿದರೆ ‘ಇಲ್ರೀ’ ಎಂಬ ಉತ್ತರ ಬರುತ್ತದೆ. ಅದು ಸುಳ್ಳೂ ಅಲ್ಲ. 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸೇದುವ ಹೆಂಗಸರು ಶೇ 2. ಅಗಿಯುವ, ಉಜ್ಜುವ ತಂಬಾಕಿನವರು ಶೇ 12.8. ಗಡಿಯಾಚೆಯ ಮಹಾರಾಷ್ಟ್ರದಲ್ಲಿ ತಂಬಾಕನ್ನು ಹುರಿದು, ಪುಡಿ ಮಾಡಿ, ಮಿಶ್ರಿ ಎಂದು ಹಲ್ಲಿಗೆ ಉಜ್ಜುತ್ತಾರೆ. ಹಲ್ಲುಪುಡಿಯನ್ನು ಯಾರು ಚಟವೆಂದಾರು? ಆದರೆ ಗುಪ್ತಾ ಮತ್ತು ಶ್ರೀವಿದ್ಯಾ ಮುಂಬೈಯಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ತಂಬಾಕು ಬಳಸಿದ ತಾಯಂದಿರ ಕೂಸುಗಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು. ಹೆರಿಗೆ ಸುಮಾರು ಆರು ದಿನ ಮುಂಚೆ ಆಗಿತ್ತು.

ಹಳೆಯ ಗ್ರಂಥಗಳಲ್ಲಿ ನೇರ ಉತ್ತರ ಹುಡುಕಿ ಫಲವಿಲ್ಲ. 12ನೇ ಶತಮಾನದ ಶರಣರು ಹೊಗೆಸೊಪ್ಪು ಕಂಡವರಲ್ಲ. 1422ರಲ್ಲಿ ತೀರಿಕೊಂಡ ಕಲಬುರಗಿಯ ಖ್ವಾಜಾ ಬಂದೇ ನವಾಜರೂ ಕಂಡಿರಲಿಲ್ಲ. ಅದನ್ನು ಈ ದೇಶಕ್ಕೆ ತಂದವರು ಪೋರ್ಚುಗೀಸರು. ಅಕ್ಬರನ ದೂತ ಅಸದ್ ಬೇಗ್ 1604ರ ಸುಮಾರಿಗೆ ತಂಬಾಕನ್ನು ಕಂಡದ್ದು ನಮ್ಮ ಪಕ್ಕದ ಬಿಜಾಪುರದಲ್ಲೇ. ದೊರೆಗೆ ಒಯ್ದು ಕೊಟ್ಟಾಗ ಬೇಡವೆಂದು ತಡೆದವನು ಅರಮನೆಯ ಹಕೀಮ.

ಹಾಗಿದ್ದರೂ ಶರಣರ ಒಂದು ನಿಲುವು ಇಲ್ಲಿ ಕೈಹಿಡಿಯುತ್ತದೆ. ಹೆರಿಗೆಯದೂ ಸೇರಿ ಐದು ಸೂತಕಗಳನ್ನು ಅವರು ಒಪ್ಪಲಿಲ್ಲ. ಹೆಣ್ಣಿನ ಮೈ ಮೈಲಿಗೆಯಲ್ಲ ಎಂದ ಮೇಲೆ ತಂಬಾಕಿನ ಮಾತಿಗೂ ಮಡಿ-ಮೈಲಿಗೆ ತರಬೇಕಿಲ್ಲ. ಉಳಿಯುವುದು ಕೂಸಿಗೆ ತಗಲುವ ಕೇಡು ಮಾತ್ರ, ಅದರಲ್ಲಿ ಮನೆಮಂದಿಗೆಲ್ಲ ಪಾಲಿದೆ. ಹಿರಿಯರು ಕಲಿಸಿದ ಮಿಶ್ರಿಗೆ, ಗಂಡ ಮನೆಯೊಳಗೇ ಸೇದುವ ಬೀಡಿಗೆ ಸೊಸೆಯೊಬ್ಬಳೇ ಪಾಪಿಯಾಗುವುದು ಯಾವ ಸೀಮೆಯ ನ್ಯಾಯ?

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ‘ಮಹಾಂತ ಜೋಳಿಗೆ’ ಹಿಡಿದು ಊರೂರು ತಿರುಗಿದರು. ಕಾಳುಕಡಿ ಬೇಡಲಿಲ್ಲ, ನಿಮ್ಮ ಚಟಗಳನ್ನು ಇದರೊಳಗೆ ಹಾಕಿರಿ ಎಂದರು. 2018ರಲ್ಲಿ ಲಿಂಗೈಕ್ಯರಾದ ಅವರ ಹುಟ್ಟುಹಬ್ಬ, ಆಗಸ್ಟ್ 1, ರಾಜ್ಯದಲ್ಲಿ ವ್ಯಸನಮುಕ್ತ ದಿನ. ಬೇಡುವವನು ತಾನೇ ತಗ್ಗಿ ನಿಲ್ಲುತ್ತಾನೆ, ಕೊಡುವವರಿಗೆ ದೊಡ್ಡತನ ಬಿಟ್ಟುಕೊಡುತ್ತಾನೆ. ಜೋಳಿಗೆಯ ಬಲ ಅಲ್ಲಿದೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ದತ್ತಾತ್ರೇಯನೇ ಮಧ್ಯಾಹ್ನ ಮಧುಕರಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆಯಿದೆ. ಗದರಿಸುವ ಡಾಕ್ಟರಿಗಿಂತ ಹೀಗೆ ಬೇಡುವ ಡಾಕ್ಟರಿಗೆ ಬಸುರಿ ಬೇಗ ಬಾಯಿ ಬಿಟ್ಟಾಳು.

ಆದರೆ ಹತ್ತು ಜನರ ಮುಂದೆ ಮಾಡಿದ ಆಣೆಗೆ ಒಂದು ಅಪಾಯವೂ ಇದೆ. ನಿಕೋಟಿನ್ ಆಣೆಗೆ ಬಗ್ಗುವ ವಸ್ತುವಲ್ಲ. ಬಿಟ್ಟವರು ಮತ್ತೆ ಹಿಡಿಯುವುದು ಮಾಮೂಲು. ವ್ರತ ಕೆಟ್ಟಿತೆಂದು ನಾಚಿದವಳು ಮುಂದಿನ ತಪಾಸಣೆಯಲ್ಲಿ ಮುಚ್ಚಿಡುತ್ತಾಳೆ. ಆಸ್ಪತ್ರೆಯ ಜೋಳಿಗೆ ಒಂದೇ ಸಲಕ್ಕೆ ಕಟ್ಟಿಡುವಂಥದ್ದಾಗಬಾರದು. ಪ್ರತಿ ಭೇಟಿಯಲ್ಲೂ ತಂಬಾಕಿನ ಬಗ್ಗೆ, ಮನೆಯವರು ಸೇದುವ ಹೊಗೆಯ ಬಗ್ಗೆ ಕೇಳಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿಯೂ ಹೇಳುತ್ತದೆ.

ಪ್ರತಿ ತಿಂಗಳ 9ರಂದು ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ನಡೆಯುತ್ತದೆ. ಅಂದು ಜೊತೆಗೆ ಬಂದವರನ್ನು ತುಸು ಹೊತ್ತು ಹೊರಗೆ ಕೂರಿಸಿ, ‘ತಂಬಾಕ, ಮಿಶ್ರಿ, ಗುಟ್ಕಾ ಏನರ ಹಾಕೋತಿಯೇನವ್ವಾ? ಮನ್ಯಾಗ ಯಾರರ ಸೇದ್ತಾರೇನು?’ ಎಂದು ಮೆತ್ತಗೆ ಕೇಳಿರಿ. ಹೌದೆಂದರೆ ತಾಯಿ ಕಾರ್ಡಿನ ಮೇಲೆ ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ ಬರೆದುಕೊಡಿರಿ: 1800-11-2356. ಕರೆಗೆ ದುಡ್ಡಿಲ್ಲ, ಗಂಡನೂ ಮಾಡಬಹುದು.