ಹವಳದ ಹುಳುವೂ ಅಹಿಂಸಾಣುವ್ರತವೂ

ಮಾಗೋಡಿನ ಅಡಿಕೆ ತೋಟಗಳಲ್ಲಿ ಮುಂಗಾರು ಹಿಡಿಯುವ ಮೊದಲೇ ಕೊನೆಗಾರನಿಗೆ ಹೇಳಿಕಳುಹಿಸುವುದು ವಾಡಿಕೆ. ಮಳೆ ಬಿಡದೆ ಹೊಯ್ದರೆ ಕೊಳೆರೋಗ ಕೊನೆಗೇರುತ್ತದೆ; ಎಳೆಯ ಕಾಯಿ ಉದುರಿ ಒಂದು ವರ್ಷದ ಅನ್ನ ನೆಲದ ಪಾಲಾಗುತ್ತದೆ. ಮೈಲುತುತ್ತು 1 ಕಿಲೊ, ಸುಣ್ಣ 1 ಕಿಲೊ, ನೀರು 100 ಲೀಟರು ಸೇರಿದ ಬೋರ್ಡೊ ದ್ರಾವಣವನ್ನು ಮಳೆಗೆ ಮುನ್ನ ಒಮ್ಮೆ, ಸುಮಾರು 40 ದಿನಗಳ ಮೇಲೆ ಮತ್ತೊಮ್ಮೆ ಹೊಡೆಸುವರು. ಎರಡನೆಯ ಮದ್ದು ಹೆಚ್ಚಾಗಿ ಚಾತುರ್ಮಾಸ್ಯದೊಳಗೇ ಬೀಳುವುದರಿಂದ, ಸ್ವಾದಿ ಮಠದ ಈ ಸೀಮೆಯಲ್ಲಿ ತೋಟ ಮಾಡುವ ಶ್ರಾವಕನ ಮನಸ್ಸು ಅಳುಕಿದರೆ ಆಶ್ಚರ್ಯವಿಲ್ಲ. ಆದರೆ ಶ್ರಾವಕಾಚಾರವು ಅವನನ್ನು ಕೈಬಿಟ್ಟಿಲ್ಲ. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಮೊದಲನೆಯದನ್ನು ಸರ್ವಥಾ ತ್ಯಜಿಸಬೇಕೆಂದೂ ಉಳಿದ ಮೂರರಲ್ಲಿ ಯತ್ನಾಚಾರದಿಂದ ನಡೆಯಬೇಕೆಂದೂ ವಿಧಿಸಲಾಗಿದೆ. ತೋಟಿಗನದು ಉದ್ಯೋಗೀ ಹಿಂಸೆ.

ಮಾಗೋಡಿನಲ್ಲಿ ಎರಡು ಹಂತವಾಗಿ ಧುಮುಕುವ ಬೇಡ್ತಿ ಹೊಳೆ ಗಂಗಾವಳಿಯೆಂಬ ಹೆಸರಿನಿಂದ ಕಡಲು ಸೇರುತ್ತದೆ. ಅದೇ ಕಡಲಿನಲ್ಲಿ, ದಕ್ಷಿಣಕ್ಕೆ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳದ ಜೀವಿಗಳಿವೆ. ಅವನ್ನು ಕಿತ್ತು ತಂದು ಮನೆಯಲ್ಲಿಡುವಂತಿಲ್ಲ. ಬಂಡೆ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಅಮೆರಿಕ ಮುಂತಾದ ದೇಶಗಳಲ್ಲಾದರೋ ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಜೀವಂತ ಹವಳ ಬೆಳೆಸುವುದು ಬಹುಜನರ ಹವ್ಯಾಸ. ಇಲ್ಲಿನ ತೋಟದ ಮನೆಯೊಂದರ ಮಗ ಅಲ್ಲಿ ನೆಲಸಿ ಅಂಥದೊಂದು ತೊಟ್ಟಿ ಇಟ್ಟನೆಂದೂ, ಅದರ ಹವಳಕ್ಕೆ ಹುಳು ಬಿದ್ದಿತೆಂದೂ ಭಾವಿಸೋಣ. ಅಪ್ಪಯ್ಯನು ತೋಟಕ್ಕೆ ಮದ್ದು ಹೊಡೆಸಬಹುದಾದರೆ ತಾನು ತೊಟ್ಟಿಗೆ ಹಾಕಬಾರದೇಕೆ ಎಂದು ಅವನು ಕೇಳಿದರೆ ಹಿರಿಯರು ಏನು ಹೇಳಬೇಕು?

ಪ್ರಶ್ನೆ ಹುಡುಗಾಟದ್ದಲ್ಲ. ಅಕ್ರೊಪೊರ ಎಂಬ ಕವಲೊಡೆಯುವ ಹವಳವನ್ನು ತಿನ್ನುವ ಚಪ್ಪಟೆ ಹುಳುವೊಂದುಂಟು. ಅದು ಹವಳದ ಬಣ್ಣವನ್ನೇ ಹೊದ್ದು ಅಡಗಿರುವುದರಿಂದ ಕಣ್ಣಿಗೆ ಬೀಳುವ ವೇಳೆಗೆ ಕೊಂಬೆಗಳು ಬಿಳಿಚಿಕೊಂಡಿರುತ್ತವೆ. ಔಷಧಿ ಬೆರೆಸಿದ ನೀರಿನಲ್ಲಿ ಹವಳವನ್ನು ಅದ್ದಿದರೆ ಹುಳುಗಳು ಉದುರುತ್ತವೆ. ಬುಡದ ಬರಿಯ ಸುಣ್ಣದ ಮೇಲೆ ಅಂಟಿಸಿದ ಮೊಟ್ಟೆಗಳು ಮಾತ್ರ ಉಳಿದು, ಒಂದೆರಡು ವಾರ ಕಳೆದು, ಕೆಲವೊಮ್ಮೆ ಮೂರನೆಯ ವಾರದಲ್ಲಿ ಒಡೆಯುತ್ತವೆ. ಆದುದರಿಂದ ಕೊಲ್ಲುವವನು ಒಮ್ಮೆ ಕೊಂದರೆ ಸಾಲದು, ದಿನ ಎಣಿಸಿ ಮತ್ತೆ ಮತ್ತೆ ಕೊಲ್ಲಬೇಕು. ಇನ್ನು ಹವಳದ ಮೈಮೇಲೆ ಹರಿದಾಡುವ ಅತಿ ಸಣ್ಣ ಕೆಂಪು ಕೀಟಕ್ಕೆ, ನಾಯಿಗಳಿಗೆ ಹೃದಯದ ಹುಳು ತಗಲದಿರಲೆಂದು ಕೊಡುವ ಮಾತ್ರೆಯನ್ನೇ ಅರೆದು ಇಡೀ ತೊಟ್ಟಿಗೆ ಹಾಕುವುದುಂಟು; ಅದರಿಂದ ಅಲ್ಲಿರುವ ಸಿಗಡಿ ಏಡಿಗಳೂ ಸಾಯುತ್ತವೆ. ತೋಟವನ್ನು ಕಾಯುವ ತಾಮ್ರವೇ ಕಡಲ ಮೀನಿನ ಚುಕ್ಕೆರೋಗಕ್ಕೆ ಮದ್ದು, ಆದರೆ ಹವಳಕ್ಕೆ ವಿಷ.

ಈಗ ಶಾಸ್ತ್ರದ ಕಡೆಗೆ ಬರೋಣ. ಮೂಲಾಚಾರವು ಪೃಥ್ವೀಕಾಯದ 36 ಭೇದಗಳನ್ನು ಎಣಿಸುವಾಗ ಪ್ರವಾಳವನ್ನೂ, ಎಂದರೆ ಹವಳವನ್ನೂ, ಅವುಗಳಲ್ಲಿ ಸೇರಿಸಿದೆ. ಆ ಲೆಕ್ಕದಲ್ಲಿ ಹವಳ ಏಕೇಂದ್ರಿಯ, ಸ್ಥಾವರ. ಹುಳುವಾದರೋ ತತ್ತ್ವಾರ್ಥಸೂತ್ರದ ಗಣನೆಯಂತೆ ದ್ವೀಂದ್ರಿಯ, ತ್ರಸಜೀವ. ಅಣುವ್ರತಿಯು ಸಂಕಲ್ಪಪೂರ್ವಕವಾಗಿ ಕೊಲ್ಲುವುದಿಲ್ಲವೆಂದು ಪ್ರತಿಜ್ಞೆ ಮಾಡಿರುವುದು ಈ ತ್ರಸಜೀವವನ್ನೇ. ಸ್ಥಾವರವನ್ನು ಉಳಿಸಲು ತ್ರಸವನ್ನು ಕೊಲ್ಲುವುದು ತಕ್ಕಡಿಯನ್ನು ತಲೆಕೆಳಗು ಹಿಡಿದಂತೆ. ಇಂದಿನ ಜೀವವಿಜ್ಞಾನವು ಹವಳವನ್ನು ಬಾಯಿಯೂ ಕುಡಿಗೈಗಳೂ ಉಳ್ಳ ಪ್ರಾಣಿಗಳ ವಸತಿಯೆಂದು ಹೇಳುತ್ತದೆಂಬುದು ನಿಜ. ಅದನ್ನು ಒಪ್ಪಿಕೊಂಡರೂ ತಕ್ಕಡಿ ಸಮಕ್ಕೆ ಬರುವುದೇ ಹೊರತು ಹುಳುವಿನ ವಧೆ ನಿರ್ದೋಷವಾಗುವುದಿಲ್ಲ.

ತೊಟ್ಟಿಯಿಂದ ಯಾರ ಹೊಟ್ಟೆಯೂ ತುಂಬದ ಕಾರಣ ಇದು ಉದ್ಯೋಗೀ ಹಿಂಸೆಯಲ್ಲ. ಅಡಿಗೆ, ಗುಡಿಸುವಿಕೆಗಳಂತೆ ಬಾಳಿಗೆ ಅನಿವಾರ್ಯವಲ್ಲದ ಕಾರಣ ಆರಂಭಿಯೂ ಅಲ್ಲ. ವಿರೋಧೀ ಎನ್ನೋಣವೆಂದರೆ, ಶತ್ರು ತಾನಾಗಿ ಮೇಲೆ ಬಿದ್ದಿರಬೇಕು. ಈ ಹುಳು ಬಂದದ್ದು ಕೊಂಡು ತಂದ ಹವಳದ ತುಂಡಿನ ಜೊತೆಗೆ, ಯಜಮಾನನ ಕೈಯಿಂದಲೇ. ಉಳಿಯುವ ಹೆಸರು ಒಂದೇ, ಅದನ್ನು ಹೇಳಲು ಹವ್ಯಾಸಿಗೆ ನಾಲಗೆ ಬಾರದು.

ಆದರೂ ಆ ಮಗನ ಪರವಾಗಿ ಹೇಳಬೇಕಾದ ಮಾತೊಂದಿದೆ. ಕಡಲಿನಲ್ಲಿ ಹುಳುವನ್ನು ಹೆಕ್ಕುವ ಮೀನುಗಳಿವೆ, ವಿಸ್ತಾರವಾದ ನೀರಿದೆ. ಗಾಜಿನೊಳಗಿನ ಹವಳಕ್ಕೆ ಒಡೆಯನ ಹೊರತು ದಿಕ್ಕಿಲ್ಲ. ಕೈಕಟ್ಟಿ ಕುಳಿತು ಅದು ಸಾಯುವುದನ್ನು ನೋಡುವುದು ಅಹಿಂಸೆಯೆಂದು ಹೇಳಲು ಯಾರಿಗೂ ಬಾಯಿ ಬಾರದು. ಅವನ ಕರುಣೆ ಸುಳ್ಳಲ್ಲ. ಆದರೆ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ವಧೆಯಲ್ಲ, ಬಂಧ. ಸ್ವೇಚ್ಛೆಯಿಂದಿದ್ದ ಜೀವವನ್ನು ಕಟ್ಟಿಹಾಕುವುದು. ಕಟ್ಟಿದವನು ಸಾಕಲೇಬೇಕು, ಅನ್ನಪಾನನಿರೋಧವೂ ಅತಿಚಾರವೇ. ಸಾಕುವವನು ಕೊಲ್ಲಬೇಕಾಗುತ್ತದೆ. ಎರಡು ದಾರಿಯೂ ಮುಚ್ಚಿದ್ದು ಹುಳು ಕಂಡ ದಿನವಲ್ಲ, ತೊಟ್ಟಿ ತಂದ ದಿನ.

ನುಣುಚಿಕೊಳ್ಳುವ ಉಪಾಯಗಳು ಇಲ್ಲದಿಲ್ಲ. ಹುಳುವನ್ನು ಹೀರಿ ತೆಗೆದು ಬೇರೆ ನೀರಿಗೆ ಬಿಡಬಹುದು. ಅಕ್ರೊಪೊರ ಬಿಟ್ಟು ಬೇರೇನನ್ನೂ ತಿನ್ನದ ಹುಳು ಅಲ್ಲಿ ಹಸಿದು ಸಾಯುವುದು. ಹುಳು ತಿನ್ನುವ ಮೀನನ್ನು ತಂದು ಬಿಡಬಹುದು; ಕೃತದ ಬದಲು ಕಾರಿತವಾಯಿತು, ಅಷ್ಟೇ. ಎಲ್ಲವನ್ನೂ ಕಡಲಿಗೆ ಬಿಟ್ಟು ಅಭಯದಾನ ಮಾಡಿದೆನೆಂದು ಸಮಾಧಾನಪಡುವುದು ಇವೆಲ್ಲಕ್ಕಿಂತ ಅಪಾಯಕರ. ಅಕ್ವೇರಿಯಮ್ಮಿಗೆಂದು ಬೆಳೆಸಿದ ಕಾಲರ್ಪ ಎಂಬ ಪಾಚಿ 1984ರಲ್ಲಿ ಮೊನಾಕೊದ ತೀರದಲ್ಲಿ ಕಾಣಿಸಿಕೊಂಡು, ಮುಂದೆ ಮೆಡಿಟರೇನಿಯನ್ ಕಡಲತಳದ ಹಲವೆಡೆ ಹಬ್ಬಿತು.

ಹಾಗಾದರೆ ತೊಟ್ಟಿ ಈಗಾಗಲೇ ಇರುವ ಮನೆಯವರು ಮಾಡಬೇಕಾದುದೇನು? ಹೊಸ ಹವಳವನ್ನು ಕೊಳ್ಳುವುದನ್ನು ನಿಲ್ಲಿಸುವುದು ಮೊದಲ ಕೆಲಸ. ಹುಳು ಬರುವ ಬಾಗಿಲು ಅದೊಂದೇ. ಮೊಟ್ಟೆಯಿರುವ ಸತ್ತ ಬುಡವನ್ನು ಕತ್ತರಿಸಿ ತೆಗೆಯುವುದು, ಹುಳುವನ್ನು ಕೈಯಿಂದ ಹೆಕ್ಕುವುದು, ಇವುಗಳಲ್ಲಿಯೂ ಹಿಂಸೆಯಿದೆ. ಆದರೆ ಇಡೀ ನೀರಿಗೆ ವಿಷವಿಕ್ಕಿ ಎಣಿಸಲಾಗದಷ್ಟು ಜೀವಗಳನ್ನು ಕೊಲ್ಲುವುದಕ್ಕಿಂತ ಅದು ಅಲ್ಪ. ಅಷ್ಟಕ್ಕೂ ಪ್ರಾಯಶ್ಚಿತ್ತವನ್ನು ಗುರುಗಳಲ್ಲಿ ಕೇಳಿ ಪಡೆಯಬೇಕು. ಇರುವ ಜೀವಿಗಳು ತಮ್ಮ ಆಯುಷ್ಯ ಮುಗಿಸುವವರೆಗೆ ಸಾಕಿ, ಅನಂತರ ತೊಟ್ಟಿಯನ್ನು ಬರಿದುಮಾಡುವುದು ಪರಿಗ್ರಹಪರಿಮಾಣಕ್ಕೂ ಹೊಂದುತ್ತದೆ.

ಪರ್ವದಿನಗಳ ವಿಷಯ ಉಳಿಯಿತು. ಮೂರು ವಾರಗಳ ಲೆಕ್ಕದೊಳಗೆ ಅಷ್ಟಮಿ ಚತುರ್ದಶಿಗಳು ಬಂದೇ ಬರುತ್ತವೆ. ಭಾದ್ರಪದವಾದರೆ ದಶಲಕ್ಷಣ ಪರ್ವವೂ ಬಂದೀತು. ಮದ್ದಿನ ದಿನವನ್ನು ನವಮಿಗೆ ಸರಿಸಿ, ಪ್ರೋಷಧೋಪವಾಸದ ಅಷ್ಟಮಿಯಿಡೀ ನಾಳೆಯ ವಧೆಯನ್ನೇ ಮನಸ್ಸಿನಲ್ಲಿ ಇಟ್ಟುಕೊಂಡವನು ಅನ್ನವನ್ನು ಬಿಟ್ಟನೇ ಹೊರತು ಆರಂಭವನ್ನು ಬಿಡಲಿಲ್ಲ. ಯಂತ್ರಕ್ಕೆ ಕೀಲಿಕೊಟ್ಟು ಅದರಿಂದ ಮದ್ದು ಬೀಳಿಸಿದರೂ ಅಷ್ಟೇ. ಮೀನಿನ ಆಹಾರವನ್ನು ಮಾತ್ರ ಆ ದಿನ ನಿಲ್ಲಿಸಕೂಡದು. ಉಪವಾಸ ಹಿಡಿದವನು ಯಜಮಾನ, ಮೀನಲ್ಲ. ಮಾಗೋಡಿನ ಕೊಟ್ಟಿಗೆಯಲ್ಲಿ ಚತುರ್ದಶಿಯಂದೂ ಕರುವಿಗೆ ಹುಲ್ಲು ಹಾಕುತ್ತಾರೆ.