ಹೊಸ್ತಿಲಲ್ಲಿ ನಿಂತ ಕಾಲು

ವಿಜಯವಾಡದ ನಮ್ಮಣ್ಣನ ಮನೆಯಲ್ಲಿ ದೇವರ ಕೋಣೆಯ ಬಾಗಿಲು ಇಕ್ಕಟ್ಟು. ಮಡಿಯುಟ್ಟು ಬಂದವನು ಹೊಸ್ತಿಲ ಮುಂದೆ ನಿಂತುಬಿಡುತ್ತಾನೆ. ದೂರದಿಂದ ನೋಡಿದವರು ಧ್ಯಾನವೆಂದುಕೊಳ್ಳಬೇಕು. ಹತ್ತಿರ ಹೋದರೆ ಮೊಣಕಾಲು ನಡುಗುತ್ತಿರುತ್ತದೆ, ಪಾದ ನೆಲಕ್ಕೆ ಅಂಟಿರುತ್ತದೆ. ‘ಒಳಗೆ ಹೋಗ್ಬೇಕು ಕಣೋ, ಕಾಲು ಕೇಳ್ತಿಲ್ಲ’ ಅನ್ನುತ್ತಾನೆ. ಪಾರ್ಕಿನ್‌ಸನ್ ಕಾಯಿಲೆ, ಆರು ವರ್ಷವಾಯಿತು.

ನಾನು ಬ್ಯಾಂಕಿನಿಂದ ನಿವೃತ್ತನಾಗಿ ವಿಶಾಖಪಟ್ಟಣದಲ್ಲೇ ಉಳಿದವನು. ತಿಂಗಳಿಗೊಮ್ಮೆ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿ ಅವನನ್ನು ನೋಡಿ ಬರುತ್ತೇನೆ. ಕಾಲೆತ್ತುವವನು ಯಾರು ಎಂಬ ಪ್ರಶ್ನೆ ರೈಲಿನಲ್ಲಿ ಜೊತೆಗೇ ಕೂತಿರುತ್ತದೆ. ಮಾಧ್ವರ ಮನೆಯಲ್ಲಿ ಬೆಳೆದವರಿಗೆ ಉತ್ತರ ಬಾಯಿಪಾಠ: ಹರಿ ಸ್ವತಂತ್ರ ಕರ್ತ, ಜೀವನದು ಪರಾಧೀನ ಕರ್ತೃತ್ವ. ಮಧ್ವಾಚಾರ್ಯರ ಶಿಷ್ಯ ನರಹರಿತೀರ್ಥರ ಶಾಸನ ನಮ್ಮೂರ ಸಿಂಹಾಚಲದಲ್ಲೇ ಇದೆ. ಅಲ್ಲಿರುವ ದೇವರೂ ವರಾಹ ನರಸಿಂಹ. ಹೊಸ್ತಿಲ ಮೇಲೆ ಕೂತು ಹಿರಣ್ಯಕಶಿಪುವನ್ನು ಸೀಳಿದವನು.

ಮದ್ರಾಸ್ ಐಐಟಿಯ ವಿ. ಶ್ರೀನಿವಾಸ ಚಕ್ರವರ್ತಿ ಮತ್ತು ಸಂಗಡಿಗರ 2014ರ ಪ್ರಬಂಧವೊಂದನ್ನು ಅಣ್ಣನ ಮಗ ತೋರಿಸಿದ. ಇಕ್ಕಟ್ಟಾದ ಬಾಗಿಲ ಬಳಿ ಪಾರ್ಕಿನ್‌ಸನ್ ರೋಗಿಯ ನಡಿಗೆ ಏಕೆ ಕೆಡುತ್ತದೆಂಬುದರ ಕಂಪ್ಯೂಟರ್ ಮಾದರಿ ಅದು. ಅದರ ಪ್ರಕಾರ ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಪ್ರತಿ ಹೆಜ್ಜೆಯ ಲಾಭನಷ್ಟ ತೂಗುತ್ತದೆ. ಒಂದು ತುದಿಯಲ್ಲಿ ‘ಹೋಗು’, ಇನ್ನೊಂದು ತುದಿಯಲ್ಲಿ ‘ಬೇಡ’, ನಡುವೆ ಹುಡುಕಾಟ. ಈ ಕಾಯಿಲೆಯಲ್ಲಿ ಆಗುವಂತೆ ಮಾದರಿಯಲ್ಲಿ ಡೋಪಮೈನಿನ ಅಂಕಿ ತಗ್ಗಿಸಿದರೆ ಬಾಗಿಲು ಬಂದಾಗ ಹೆಜ್ಜೆ ಮೊಟಕಾಗುತ್ತದೆ, ಥೇಟ್ ಅಣ್ಣನ ಹಾಗೆ.

‘ನೋಡಿ ಚಿಕ್ಕಪ್ಪ, ಕರ್ತನೂ ಇಲ್ಲ, ಹರಿಯೂ ಇಲ್ಲ, ಬರೀ ಅಂಕಿ’ ಅಂದ ಹುಡುಗ.

ನನಗೆ ಹಾಗನ್ನಿಸಲಿಲ್ಲ. ಬಾಗಿಲು ದಾಟುವುದೇ ಲಾಭವೆಂದು ಆ ಲೆಕ್ಕದೊಳಗೆ ಮೊದಲೇ ಬರೆದಿಟ್ಟವರು ಮನುಷ್ಯರು. ದಾಟಬೇಕೆಂಬ ಆಸೆ ಎಲ್ಲಿಂದ ಬಂತೆಂದು ಮಾದರಿ ಹೇಳುವುದಿಲ್ಲ. ಆಸೆಯನ್ನು ಕಡ ತಂದು ಲೆಕ್ಕ ಶುರುಮಾಡುತ್ತದೆ. ಅಣ್ಣನಲ್ಲಿ ಡೋಪಮೈನ್ ಬತ್ತಿದೆ, ಒಳಗೆ ಹೋಗುವ ಆಸೆ ಬತ್ತಿಲ್ಲ. (ಆಸೆಯೇ ಬತ್ತಿಹೋದ ರೋಗಿಗಳೂ ಇದ್ದಾರೆ. ಅವರ ಮುಂದೆ ನನ್ನ ವಾದ ಕುಂಟುತ್ತದೆ, ಒಪ್ಪಿಕೊಳ್ಳುತ್ತೇನೆ.) ಕರ್ತೃತ್ವ ಪರಾಧೀನ ಎಂಬುದನ್ನಂತೂ ಆ ಪ್ರಬಂಧ ನಮ್ಮ ಪುರಾಣಿಕರಿಗಿಂತ ಚೆನ್ನಾಗಿ ತೋರಿಸಿತು. ಯಾರ ಅಧೀನ ಎಂದು ಮಾತ್ರ ಅದನ್ನು ಕೇಳಬಾರದು.

ನೆಲದ ಮೇಲೆ ಅಡ್ಡ ಗೆರೆ ಕಂಡರೆ ಇಂಥವರ ಕಾಲು ಬಿಡುಗಡೆಯಾಗುವುದುಂಟು; ವೈದ್ಯರಿಗೆ ಇದು ಹಳೆಯ ಸಂಗತಿ. ಈಗ ಅತ್ತಿಗೆ ದೇವರ ಕೋಣೆಯ ಮುಂದೆ ದಿನಾ ರಂಗೋಲಿ ಪುಡಿಯಲ್ಲಿ ನಾಲ್ಕು ಅಡ್ಡ ಗೆರೆ ಎಳೆಯುತ್ತಾರೆ. ಹೆಚ್ಚಿನ ದಿನ ಅಣ್ಣ ಗೆರೆ ದಾಟಿ ಒಳಗೆ ಹೋಗುತ್ತಾನೆ. ಉಳಿದ ದಿನ ಆರತಿ ಹೊಸ್ತಿಲಿಗೇ ಬರುತ್ತದೆ.