'ನಾನ್ ಬದ್ಕಿವ್ನಿ ಅಂತ ಹಾಕ್ಕೊಡು'

ಹೋದ ನವೆಂಬರಿನಲ್ಲಿ ಊರಿಗೆ ಹೋಗಿದ್ದಾಗ ಪಕ್ಕದ ಮನೆ ಚಿಕ್ಕವ್ವ ಆಧಾರ್ ಕಾರ್ಡು, ಪಿಂಚಣಿ ಕಾಗದ ತಂದು ನನ್ನ ಮುಂದಿಟ್ಟಳು. "ಮಗಾ, ನಾನಿನ್ನೂ ಬದ್ಕಿವ್ನಿ ಅಂತ ಅದೇನೋ ಫೋನಲ್ಲಿ ಹಾಕ್ತಾರಂತಲ್ಲ, ಹಾಕ್ಕೊಡಪ್ಪ."

ಚಿಕ್ಕಪ್ಪ ಹದಿನೇಳು ವರ್ಷ ಮಿಲ್ಟ್ರಿಯಲ್ಲಿದ್ದವನು. ಯುದ್ಧದಲ್ಲಿ ಸತ್ತವನಲ್ಲ, ನಿವೃತ್ತಿಯಾಗಿ ಬಂದು ಗದ್ದೆ ಮಾಡಿಕೊಂಡಿದ್ದು, ಕಾಯಿಲೆ ಬಿದ್ದು ಹೋದ. ಹಾಗಾಗಿ ಅವನ ಹೆಸರಲ್ಲಿ ಸರ್ಕಲ್ಲೂ ಇಲ್ಲ, ಫ್ಲೆಕ್ಸೂ ಇಲ್ಲ. ಇರೋದು ಕುಟುಂಬ ಪಿಂಚಣಿ. ಅದು ನಿಲ್ಲಬಾರದು ಅಂದ್ರೆ ಚಿಕ್ಕವ್ವ ವರ್ಷಕ್ಕೊಮ್ಮೆ ತಾನು ಬದುಕಿರೋದನ್ನ ಸಾಬೀತು ಮಾಡಬೇಕು. 2014ರಿಂದ ಇದಕ್ಕೆ 'ಜೀವನ್ ಪ್ರಮಾಣ್' ಅನ್ನೋ ಡಿಜಿಟಲ್ ವ್ಯವಸ್ಥೆ ಇದೆ. ಆದರೆ ಕಳೆ ಕಿತ್ತು, ಪಾತ್ರೆ ಉಜ್ಜಿ ಸವೆದ ಅವಳ ಹೆಬ್ಬೆಟ್ಟನ್ನು ಪೇಟೆಯ ಮೆಷಿನ್ನು ಒಪ್ಪಿರಲಿಲ್ಲ. ಎರಡು ದಿನದ ಕೂಲಿ ದಂಡ.

2016ರ ಫೆಬ್ರವರಿಯಲ್ಲಿ, ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡಿದಿದ್ದ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಉಳಿಯಲಿ ಅಂತ ನಾವೆಲ್ಲ ಪ್ರಾರ್ಥಿಸಿದ್ದೆವು. ಅವರು ಹೋದಾಗ ನಾನೂ ಅತ್ತಿದ್ದೆ. ಅದು ಸುಳ್ಳು ಅಳುವಲ್ಲ. ಆದರೆ ಅದರಿಂದ ನನಗೇನೂ ಖರ್ಚಾಗಲಿಲ್ಲ.

ಒಮ್ಮೆ ಊಟದ ಟೇಬಲ್ಲಿನಲ್ಲಿ ಗೆಳೆಯನೊಬ್ಬ ಕೇಳಿದ್ದ, "ಅವ್ರಿಗೂ ಸಂಬಳ ಬರುತ್ತಲ್ವಾ ಗುರೂ? ಅವ್ರೇ ಆರಿಸಿಕೊಂಡ ಕೆಲಸ ತಾನೇ?" ದೇಶದ್ರೋಹ ಅಂತ ಅವನ ಬಾಯಿ ಮುಚ್ಚಿಸೋದು ಸುಲಭ. ನನಗೆ ಅದು ನ್ಯಾಯವಾದ ಪ್ರಶ್ನೆ ಅನ್ನಿಸಿತು. ಚಿಕ್ಕಪ್ಪ ಸೇನೆಗೆ ಸೇರಿದ್ದೂ ಮನೆ ನಡೀಬೇಕು ಅಂತಲೇ. ಆದರೆ ನಮ್ಮ ಆಫರ್ ಲೆಟರಿನಲ್ಲಿ ನೋಟಿಸ್ ಪೀರಿಯಡ್ ಅಂತ ಒಂದು ಸಾಲಿರುತ್ತೆ. ಗುಂಡು ಹಾರುವಾಗ "ಪೇಪರ್ ಹಾಕಿದೀನಿ ಸಾರ್" ಅನ್ನೋ ಹಾಗಿರಲಿಲ್ಲ ಅವನಿಗೆ. ಸಂಬಳ ಸಿಕ್ಕಿದ್ದು ಮಾಡಿದ ಕೆಲಸಕ್ಕೆ. ಕೇಳಿದರೆ ಜೀವ ಕೊಡ್ತೀನಿ ಅಂತ ಒಪ್ಪಿದ್ದಕ್ಕೆ ಯಾವ ಪೇ ಸ್ಲಿಪ್ಪಿನಲ್ಲಿ ಲೆಕ್ಕ ಇದೆ? ಒಪ್ಪಿದ್ದು ಅವನೊಬ್ಬ, ತೆತ್ತದ್ದು ಇಬ್ಬರೂ. ಹೆರಿಗೆ, ಅತ್ತೆಯ ಪಾರ್ಶ್ವವಾಯು, ಬೋರ್‌ವೆಲ್ ಸಾಲ, ಎಲ್ಲಕ್ಕೂ ಚಿಕ್ಕವ್ವ ಒಬ್ಬಳೇ.

ಹಳಬರಿಗೆ ಈ ಲೆಕ್ಕ ಗೊತ್ತಿತ್ತು. ಬೆಂಗಳೂರು ಅನ್ನೋ ಹೆಸರು ಮೊದಲು ಸಿಗೋದೇ ಬೇಗೂರಿನ ವೀರಗಲ್ಲೊಂದರಲ್ಲಿ, ಕ್ರಿ.ಶ. 890ರ ಸುಮಾರು. ಬೇಗೂರಿನದೇ ಇನ್ನೊಂದು ವೀರಗಲ್ಲು ಕಸ್ತೂರ್ಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿದೆ. ಆನೆ, ಕುದುರೆ ನೋಡಿ ಫೋಟೋ ತೆಗೆದು ಬಂದಿದ್ದೆ, ಬರಹದ ಅರ್ಥ ಓದಿದ್ದು ಆಮೇಲೆ. ಕಾಳಗದಲ್ಲಿ ನಾಗತ್ತರ ಸತ್ತ ಅಂತ ಹೇಳಿ ಅದು ಸುಮ್ಮನಾಗಲ್ಲ. ಇರುಗ ಎಂಬವನಿಗೆ ನಾಗತ್ತರನ ಪಟ್ಟ ಕಟ್ಟಿ ಯಾವ್ಯಾವ ಹಳ್ಳಿ ಕೊಟ್ಟರು ಅಂತ ಹೆಸರು ಹಿಡಿದು ಪಟ್ಟಿ ಮಾಡುತ್ತೆ. ಸತ್ತವನ ಮನೆಯವರಿಗೆ ಬಿಡುತ್ತಿದ್ದ ಭೂಮಿಗೆ 'ನೆತ್ತರುಗೊಡಗೆ' ಅಂತಲೇ ಹೆಸರಿತ್ತು. (ಮುಂದಿನ ಯುದ್ಧಕ್ಕೂ ರಾಜನಿಗೆ ಜನ ಬೇಕಿತ್ತು ಅನ್ನೋದೂ ನಿಜ ಬಿಡಿ.) ಅಂತೂ ಕಲ್ಲಿನ ಜೊತೆ ಗದ್ದೆಯೂ ಬರುತ್ತಿತ್ತು.

ಈಗಿನ ಗದ್ದೆ ಅಂದರೆ ಪಿಂಚಣಿ. ತೆರಿಗೆ ಕಟ್ಟಿದೆ, ನನ್ನ ಪಾಲು ಮುಗೀತು ಅಂದುಕೊಂಡಿದ್ದೆ. ಕೊಟ್ಟಿದ್ದು ಅವಳ ಕೈಗೆ ಸೇರಬೇಕಲ್ಲ!

ಬೆರಳಿನ ಬದಲು ಮುಖ ತೋರಿಸೋ ಆ್ಯಪ್ ಇದೆ. ಜಗುಲಿಯ ಬೆಳಕಿಗೆ ಕೂರಿಸಿ "ಕಣ್ಣು ಮಿಟುಕಿಸು ಚಿಕ್ಕವ್ವ" ಅಂದೆ. ಎರಡು ಸಲ ನಾಚಿಕೊಂಡು ತಲೆ ತಗ್ಗಿಸಿದಳು. ಮೂರನೇ ಸಲಕ್ಕೆ ಆಯ್ತು.

"ಬದ್ಕಿವ್ನಂತಾ?"

"ಬದ್ಕಿದೀಯಂತೆ. ಬರೋ ನವೆಂಬರ್ ತನಕ."

ಮಾರನೇ ದಿನ ಬೆಳಿಗ್ಗೆ ಹಿಂದಿನ ಬೀದಿಯ ಅಜ್ಜಿಯೊಬ್ಬರು ಕಾಗದದ ಚೀಲ ಹಿಡಿದು ಅದೇ ಜಗುಲಿ ಮೇಲೆ ಕೂತಿದ್ದರು.